ಅಚ್ಚಿನ ಮಣ್ಣು ತಿಂದ ತಿಂಗಳುಗಳು

ಮಗಳಿಗೆ ಎರಡು ವರ್ಷ ತುಂಬಿದ ತಿಂಗಳು ನಾನು ಅವಳ ಕಾರ್ಡಿನಲ್ಲಿ ಸುಳ್ಳು ಬರೆದೆ.

ಆಗ ನಾನು ಹೊನ್ನಾವರದ ಹತ್ತಿರದ ಕಾಸರಕೋಡಿನ ಅಂಗನವಾಡಿಯಲ್ಲಿ ಕೆಲಸಕ್ಕೆ ಸೇರಿ ಒಂದು ವರ್ಷವಾಗಿತ್ತು. ಮಕ್ಕಳ ತೂಕ, ಎತ್ತರ ಬರೆಯುವುದರ ಜೊತೆಗೆ ಯಾವ ವಯಸ್ಸಿಗೆ ಮಗು ಏನೇನು ಮಾಡಬೇಕು ಎನ್ನುವ ಪಟ್ಟಿಯನ್ನೂ ತುಂಬಬೇಕು. ಕುತ್ತಿಗೆ ನಿಂತಿದೆಯೇ, ಹೆಸರು ಕರೆದರೆ ತಿರುಗುತ್ತದೆಯೇ, ಹಿಡಿದುಕೊಳ್ಳದೆ ನಡೆಯುತ್ತದೆಯೇ. ಎರಡು ವರ್ಷದ ಸಾಲಿನಲ್ಲಿ ಒಂದು ಪ್ರಶ್ನೆ ಇತ್ತು: ಎರಡು ಪದ ಸೇರಿಸಿ ಮಾತಾಡುತ್ತದೆಯೇ? ಊರಿನ ಮಕ್ಕಳದ್ದು ಬರೆಯುವಾಗ ನಾನು ಬಹಳ ಕಟ್ಟುನಿಟ್ಟು. “ಮನೆಲಿ ಮಾತಾಡ್ತದೆ ಅಕ್ಕೋರೇ, ಇಲ್ಲಿ ನಾಚಿಕೆ” ಎಂದು ತಾಯಂದಿರು ಹೇಳಿದರೆ, “ಹಂಗಾರೆ ಮನೆಗೇ ಬಂದು ಕೇಳ್ತೆ” ಎನ್ನುತ್ತಿದ್ದೆ. ಹೋಗಿ, ಕೂತು, ಕೇಳಿಸಿಕೊಂಡೇ ಗುರುತು ಹಾಕುತ್ತಿದ್ದೆ.

ನನ್ನ ಮಗಳ ಸಾಲಿಗೆ ಬಂದಾಗ ಪೆನ್ನು ನಿಂತಿತು. ಅವಳು “ಅಯ್” ಅನ್ನುತ್ತಿದ್ದಳು. ಅಷ್ಟೇ. ನನಗೂ ಅಯ್, ಬೆಕ್ಕಿಗೂ ಅಯ್, ನೀರು ಬೇಕಾದರೂ ಅಯ್. ನಾನು ಸರಿ ಗುರುತು ಹಾಕಿ ಪುಟ ತಿರುಗಿಸಿದೆ. ಎದುರಿಗೆ ಯಾರೂ ಇರಲಿಲ್ಲ, ಆದರೂ ಯಾರೋ ನೋಡಿದರು ಅನ್ನಿಸಿ ಬಾಗಿಲ ಕಡೆ ತಿರುಗಿದೆ.

ನಮ್ಮ ಮನೆಯಲ್ಲಿ ಆಗ ಇದ್ದದ್ದು ನಾನು, ಮಗಳು, ಮಾವ. ಗಂಡ ದೊಡ್ಡ ಬೋಟಿನಲ್ಲಿ ಕೆಲಸ ಮಾಡುತ್ತಾರೆ. ಒಮ್ಮೆ ಹೋದರೆ ವಾರವೋ ಹತ್ತು ದಿನವೋ. ಅತ್ತೆ ನಾನು ಮದುವೆಯಾಗಿ ಬರುವ ಮೊದಲೇ ತೀರಿಕೊಂಡಿದ್ದರು. ನಾನು ಅಂಗನವಾಡಿಗೆ ಹೋದಾಗ ಮಗಳನ್ನು ನೋಡಿಕೊಳ್ಳುತ್ತಿದ್ದವರು ಮಾವನೇ. ಅವರಿಗೆ ಮೊಮ್ಮಗಳ ಮೌನ ದೊಡ್ಡ ವಿಷಯವೇ ಆಗಿರಲಿಲ್ಲ. ನನ್ನನ್ನು ತಂಗೀ ಎಂದೇ ಕರೆಯುವವರು.

“ನಿನ್ನ ಗಂಡ ಮೂರು ವರ್ಷಕ್ಕೆ ಬಾಯಿ ಬಿಟ್ಟದ್ದು ತಂಗೀ. ಈಗ ಬೋಟಲ್ಲಿ ಅವನಷ್ಟು ಮಾತಾಡುವವ ಯಾರೂ ಇಲ್ಲ ಅಂತಾರೆ.”

ತವರೂರು ಅಘನಾಶಿನಿಯಿಂದ ಬಂದ ನನ್ನನ್ನು ಹೆತ್ತ ಆಯಿ ಬಜೆಯ ಬೇರು ತಂದು, ತೇಯ್ದು ಮಗುವಿನ ನಾಲಿಗೆಗೆ ಹಚ್ಚಿದಳು. ಮಗು ಮುಖ ಹಿಂಡಿ ಅತ್ತಿತು. ಅಳುವಾಗ ಎಷ್ಟು ಗಟ್ಟಿ ದನಿ! ಈ ದನಿಯಿಂದ ಒಂದು ಪದ ಯಾಕೆ ಹುಟ್ಟುತ್ತಿಲ್ಲ ಎಂದು ನಾನು ಅವಳ ಬಾಯನ್ನೇ ನೋಡುತ್ತಿದ್ದೆ. ಆಗಿನಿಂದ ನನಗೆ ಅವಳನ್ನು ಸುಮ್ಮನೆ ಎತ್ತಿಕೊಳ್ಳುವುದೇ ಮರೆತುಹೋಯಿತು. ಎತ್ತಿಕೊಂಡರೆ ಕಣ್ಣು ನನ್ನ ಕಣ್ಣಿಗೆ ಕೂಡುತ್ತದೆಯೇ ನೋಡುವುದು. ಚಮಚ ಕೊಟ್ಟರೆ ಯಾವ ಕೈಯಲ್ಲಿ ಹಿಡಿದಳು ನೋಡುವುದು. ಹಿಂದಿನಿಂದ ತಟ್ಟೆ ಬೀಳಿಸಿ ಬೆಚ್ಚುತ್ತಾಳೆಯೇ ನೋಡುವುದು. ಬೆಚ್ಚುತ್ತಿದ್ದಳು. ಅದರಿಂದ ಒಂದು ಗಂಟೆ ಸಮಾಧಾನ, ಮತ್ತೆ ಬೇರೆ ಪರೀಕ್ಷೆ.

ಇದಾಗಿ ಎರಡು ತಿಂಗಳಿಗೆ ಹೊನ್ನಾವರದಲ್ಲಿ ನಮಗೆಲ್ಲ ಒಂದು ದಿನದ ತರಬೇತಿ ಇತ್ತು. ಗರ್ಭಿಣಿಯರ ಆರೈಕೆಯ ಬಗ್ಗೆ. ಮಧ್ಯಾಹ್ನ ಊಟವಾದ ಮೇಲೆ ಒಬ್ಬ ಡಾಕ್ಟ್ರಮ್ಮ ಮಾತಾಡಲು ಬಂದರು. ಚಿಕ್ಕ ಪ್ರಾಯದವರು, ಕೈಯಲ್ಲಿ ಕಾಗದ ಹಿಡಿಯದೆ ಮಾತಾಡಿದರು. ಹೊಟ್ಟೆಯಲ್ಲಿರುವ ಮಗುವಿನ ಮೆದುಳು ದಿನಾ ಕಟ್ಟಿಕೊಳ್ಳುತ್ತಾ ಇರುತ್ತದೆ, ಆ ಹೊತ್ತಿಗೆ ತಾಯಿಯ ಮೈಗೆ ಹೋದದ್ದೆಲ್ಲ ಅದಕ್ಕೂ ತಲುಪುತ್ತದೆ ಎಂದರು. ಒಲೆಯ ಹೊಗೆ, ತಂಬಾಕು, ಬೆಳೆಗೆ ಹೊಡೆಯುವ ಔಷಧ, ಕೆರೆದ ಹಳೇ ಬಣ್ಣದ ಪುಡಿ. ನಾನು ನೋಟ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಾ ಹೋದೆ. ಆಮೇಲೆ ಅವರು, “ಮತ್ತೆ ಸೀಸ. ಹಳೇ ಬ್ಯಾಟರಿಯ ಒಳಗಿರ್ತದಲ್ಲ, ಅದು. ಅದು ಕ್ಯಾಲ್ಸಿಯಂ ವೇಷ ಹಾಕಿಕೊಂಡು ಒಳಗೆ ಹೋಗ್ತದೆ. ದೇಹಕ್ಕೆ ಗುರುತೇ ಸಿಗೋದಿಲ್ಲ” ಎಂದರು.

ನಾನು ‘ಸೀಸ’ ಎಂದು ಬರೆದೆ. ಬರೆದ ಮೇಲೆ ಆ ಎರಡು ಅಕ್ಷರವನ್ನು ನೋಡುತ್ತಾ ಕೂತೆ. ಸ್ವಲ್ಪ ಹೊತ್ತಿಗೆ ಕೈ ಎತ್ತಿದೆ.

“ಮೇಡಂ, ನಮ್ಮ ಕಡೆ ಬಲೆಗೆ ಭಾರ ಕಟ್ಟಲಿಕ್ಕೆ ಮನೆಯಲ್ಲೇ ಸೀಸ ಕರಗಿಸ್ತಾರೆ. ಅದೂ...?”

“ಮನೆಯಲ್ಲೇ? ಯಾರ ಮನೆಯಲ್ಲಿ?”

“ನಮ್ಮ ಊರಲ್ಲಿ ಒಬ್ಬರು.”

“ಆ ಮನೆಯಲ್ಲಿ ಬಸುರಿಯರು, ಸಣ್ಣ ಮಕ್ಕಳು ಇದ್ದಾರಾ?”

“ಇದ್ದಾರೆ” ಎಂದೆ. ಎರಡನೆಯದು ನನ್ನ ಹೊಟ್ಟೆಯಲ್ಲಿದ್ದು ಆಗ ಒಂಬತ್ತು ವಾರ. ಅದು ಗಂಡನಿಗೆ ಬಿಟ್ಟರೆ ಬೇರೆ ಯಾರಿಗೂ ಗೊತ್ತಿರಲಿಲ್ಲ.

“ಅವರನ್ನ ನನ್ನ ಹತ್ರ ಕಳಿಸಿ. ತಡ ಮಾಡಬೇಡಿ” ಎಂದರು ಡಾಕ್ಟ್ರಮ್ಮ.

ಶರಾವತಿ ಸೇತುವೆ ದಾಟುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ನಾನು ಲೆಕ್ಕ ಹಾಕಿದೆ. ಮೊದಲನೆಯ ಸಲ ಬಸುರಿಯಾದ ಮೂರನೇ ತಿಂಗಳಿಂದ ಎಂಟನೇ ತಿಂಗಳವರೆಗೆ ನಾನು ಹಗಲೆಲ್ಲ ಎಲ್ಲಿ ಕೂತಿದ್ದೆ?

ಮಾವನ ಚಪ್ಪರದಲ್ಲಿ.

ಮಾವ ಹಿಂದೆ ಕಡಲಿಗೆ ಹೋಗುತ್ತಿದ್ದವರು. ಬಿಡುವಿದ್ದಾಗ ಮನೆಯ ಹಿಂದೆ, ಬಾವಿಯ ಆಚೆ, ಹೆಣೆದ ತೆಂಗಿನ ಗರಿಯ ಮಡ್ಲು ಹೊದೆಸಿದ ಚಪ್ಪರದಲ್ಲಿ ಬೀಸುಬಲೆ ಮಾಡುತ್ತಿದ್ದವರು ಮೊಣಕಾಲು ಕೆಟ್ಟ ಮೇಲೆ ಅದನ್ನೇ ಕೆಲಸ ಮಾಡಿಕೊಂಡಿದ್ದರು. ಬಲೆಯ ಅಂಚಿಗೆ ಸೀಸದ ಮಣಿ ಕಟ್ಟಬೇಕು; ಭಾರಕ್ಕೆ ಬಲೆ ಸರಿಯಾಗಿ ಬಿಚ್ಚಿಕೊಂಡು ತಳಕ್ಕೆ ಹೋಗುತ್ತದೆ. ಗುಜರಿಯಿಂದ ಹಳೇ ಬ್ಯಾಟರಿಯ ಸೀಸ ತಂದು, ಕಬ್ಬಿಣದ ಬಾಂಡಲಿಯಲ್ಲಿ ಹಾಕಿ, ತೆಂಗಿನ ಗೆರಟೆಯ ಬೆಂಕಿಯಲ್ಲಿ ಕರಗಿಸಿ, ಮಣ್ಣಿನ ಅಚ್ಚಿಗೆ ಹೊಯ್ಯುತ್ತಿದ್ದರು. ಕರಗಿದ ಸೀಸ ನೋಡಲು ಬಹಳ ಚೆಂದ. ಮೇಲೆ ಬೂದಿ ಬಣ್ಣದ ಕೆನೆ, ಅದನ್ನು ಸೌಟಿನಿಂದ ಸರಿಸಿದರೆ ಒಳಗೆ ಕನ್ನಡಿ.

ಹೊಸ ಮದುವೆ, ಗಂಡ ಕಡಲಲ್ಲಿ, ಅಡಿಗೆಮನೆಗೆ ಹೋದರೆ ವಾಂತಿ. ಚಪ್ಪರದಲ್ಲಿ ಗಾಳಿ ಇತ್ತು, ಮಾವನ ಕಥೆ ಇತ್ತು. ಯಾವ ವರ್ಷ ಯಾವ ಮೀನು ದಡಕ್ಕೇ ಬಂದು ಬಿದ್ದಿತ್ತು, ಅತ್ತೆ ಭಟ್ಕಳದ ಪೇಟೆಯಲ್ಲಿ ನವಾಯತ ಮುಸ್ಲಿಂ ಹೆಂಗಸರ ಹತ್ತಿರ ಅವರದೇ ಮಾತಲ್ಲಿ ಹೇಗೆ ಚೌಕಾಶಿ ಮಾಡಿ ಮೀನು ಮಾರುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಮಣಿಗಳನ್ನು ಹಗ್ಗಕ್ಕೆ ಪೋಣಿಸಿಕೊಡುತ್ತಿದ್ದೆ. ಕೆಲವಕ್ಕೆ ಸೀಸದ ತಗಡನ್ನು ಹಗ್ಗಕ್ಕೆ ಸುತ್ತಿ ಹಲ್ಲಲ್ಲಿ ಕಚ್ಚಿ ಬಿಗಿ ಮಾಡಬೇಕು. ಮಾವ ಹಾಗೇ ಮಾಡುತ್ತಿದ್ದರು. ನಾನೂ ಹಾಗೇ ಮಾಡಿದೆ. ಸ್ವಲ್ಪ ಸಿಹಿ ಸಿಹಿ ಅನ್ನಿಸುತ್ತಿತ್ತು. ನನ್ನ ಜೀವನದಲ್ಲಿ ಅಷ್ಟು ನೆಮ್ಮದಿಯಾಗಿ ಕೂತದ್ದು ಆ ಐದಾರು ತಿಂಗಳು ಮಾತ್ರ.

ಇದಿಷ್ಟನ್ನು ಯಾರಿಗಾದರೂ ಹೇಳಬಹುದಿತ್ತು. ಹೇಳಲಾಗದ್ದು ಇನ್ನೊಂದಿತ್ತು.

ನನಗೆ ಮಣ್ಣಿನ ಬಯಕೆ ಹತ್ತಿತ್ತು. ಬಸುರಿಯರಿಗೆ ಹುಳಿ, ಮಾವಿನಕಾಯಿ ಬೇಕಾಗುವುದನ್ನು ಎಲ್ಲರೂ ಹೇಳುತ್ತಾರೆ. ಮಣ್ಣು ಬೇಕಾಗುವುದನ್ನು ಯಾರೂ ಹೇಳುವುದಿಲ್ಲ. ಮಾವನ ಅಚ್ಚು ಉಪ್ಪುನೀರು ನುಗ್ಗುವ ಗಜನಿ ಗದ್ದೆಯ ಜೇಡಿಮಣ್ಣಿನಿಂದ ಮಾಡಿದ್ದು. ಹತ್ತಿಪ್ಪತ್ತು ಸಲ ಹೊಯ್ದ ಮೇಲೆ ಅದು ಒಡೆಯುತ್ತದೆ. ಬೆಂದ ಆ ಚೂರಿಗೆ ಮೊದಲ ಮಳೆಯ ವಾಸನೆ ಇರುತ್ತಿತ್ತು. ಮಾವ ಬಾವಿಕಟ್ಟೆಗೆ ಹೋದಾಗ ಒಂದು ಚೂರು ಎತ್ತಿ ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಅದು ಕರಗುವಾಗ ಮೈಯೆಲ್ಲ ಹಗುರ. ಮೊದಲು ದಿನಕ್ಕೊಂದು, ಆಮೇಲೆ ಸೆರಗಿನ ತುದಿಗೆ ಕಟ್ಟಿಕೊಂಡು ಹೋಗುವಷ್ಟು. ಸೀಸ ಹೊಯ್ದ ಅಚ್ಚು. ಬಸ್ಸಿನಲ್ಲಿ ಅದು ನೆನಪಾದಾಗ ನನ್ನ ಬಾಯಲ್ಲಿ ಅದೇ ರುಚಿ ಬಂತು. ಸೆರಗನ್ನು ಬಾಯಿಗೆ ಒತ್ತಿ ಹಿಡಿದೆ. ಪಕ್ಕದಲ್ಲಿದ್ದ ಹೆಂಗಸು “ವಾಂತಿ ಬತ್ತದಾ?” ಎಂದು ಕೇಳಿದಳು.

ಮನೆಗೆ ಬಂದು ನೋಡಿದರೆ ಮಗಳು ಚಪ್ಪರದಲ್ಲಿ ಕುಕ್ಕರಗಾಲಲ್ಲಿ ಕೂತು ನೆಲದ ಧೂಳಿನಲ್ಲಿ ಬೆರಳಿಂದ ಗೆರೆ ಎಳೆಯುತ್ತಿದ್ದಳು. ನನ್ನನ್ನು ಕಂಡು “ಅಯ್” ಎಂದು ಬೆರಳನ್ನು ಬಾಯಿಗಿಟ್ಟಳು. ನಾನು ಓಡಿಹೋಗಿ ಅವಳ ಕೈಯನ್ನು ಬಾಯಿಂದ ಕಿತ್ತು, ಎತ್ತಿಕೊಂಡು ಬಾವಿಕಟ್ಟೆಗೆ ಹೋಗಿ ಕೊಡ ನೀರು ಸುರಿದೆ. ಮಗು ಹೆದರಿ ಕಿರುಚಿತು.

“ಎಂತ ಆತು?” ಮಾವ ಎದ್ದು ಬಂದರು.

“ಮಾವ, ಇನ್ನು ಮನೆಲಿ ಸೀಸ ಕರಗಿಸಬೇಡಿ.”

“ಎಂತಕ್ಕೆ?”

ನಾನು ತರಬೇತಿಯಲ್ಲಿ ಕೇಳಿದ್ದನ್ನು ಹೇಳಿದೆ. ಅವರು ಪೂರ್ತಿ ಕೇಳಿದರು. ಆಮೇಲೆ ನಕ್ಕರು. ಅವರು ಸಿಟ್ಟು ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

“ತಂಗೀ, ನಾನು ಇದನ್ನ ಹಲ್ಲಲ್ಲೇ ಕಚ್ಚಿಕೊಂಡು ಮುದುಕ ಆದೆ. ನನಗೆ ಎಂತ ಆತು? ನನ್ನ ಮಗ ಈ ಚಪ್ಪರದಲ್ಲೇ ಅಂಬೆಗಾಲು ಹಾಕಿದ್ದು. ಅವಗೆ ಎಂತ ಆತು?”

ಅವರು ಹೇಳುತ್ತಿದ್ದಾಗ ನಾನು ಅವರ ಬಲಗೈ ನೋಡುತ್ತಿದ್ದೆ. ಒಂದು ವರ್ಷದಿಂದ ಆ ಕೈಯ ಮಣಿಕಟ್ಟು ಸೋತಿತ್ತು. ಚಹಾದ ಲೋಟ ಎರಡು ಕೈಯಲ್ಲಿ ಹಿಡಿಯುತ್ತಿದ್ದರು. ಆಗಾಗ ಹೊಟ್ಟೆ ಹಿಂಡುತ್ತದೆ ಎಂದು ಕಷಾಯ ಮಾಡಿಸಿ ಕುಡಿಯುತ್ತಿದ್ದರು. ಪ್ರಾಯ ಅಂದುಕೊಂಡಿದ್ದೆವು. ನಾನು ನೋಡುತ್ತಿದ್ದುದನ್ನು ಅವರೂ ನೋಡಿದರು. ಕೈಯನ್ನು ಹೆಗಲ ಮೇಲಿನ ಪಂಚೆಯೊಳಗೆ ಎಳೆದುಕೊಂಡರು.

ಮರುದಿನ ಬೆಳಿಗ್ಗೆ ಅವರೇ ಅಂಗಿ ಹಾಕಿಕೊಂಡು ಜಗಲಿಯ ಮೇಲೆ ಕೂತಿದ್ದರು. “ನಡಿ. ಡಾಕ್ಟ್ರಮ್ಮ ಎಂತ ಹೇಳ್ತದೆ ಕೇಳಿ ಬಪ್ಪ” ಎಂದರು.

ಡಾಕ್ಟ್ರಮ್ಮ ನನ್ನನ್ನು ಕಂಡಕೂಡಲೇ ಗುರುತು ಹಿಡಿದರು. “ಊರಲ್ಲಿ ಒಬ್ಬರು ಅಂದಿದ್ರಿ” ಎಂದರು, ಬೈಯಲಿಲ್ಲ. ಮಗಳನ್ನು ಆಟವಾಡಿಸುತ್ತಾ ನೋಡಿದರು. ಮಾವನ ಎರಡೂ ಕೈ ಮುಂದಕ್ಕೆ ಚಾಚಿಸಿ ಬೆರಳು ಮೇಲೆತ್ತಲು ಹೇಳಿದರು. ಬಲಗೈಯ ಬೆರಳು ಏಳಲಿಲ್ಲ. ನಾನು ಮತ್ತೆ ಬಸುರಿ ಎಂಬುದನ್ನು ಅಲ್ಲಿ ಹೇಳಲೇಬೇಕಾಯಿತು, ಮಾವನಿಗೂ ಆಗಲೇ ತಿಳಿಯಿತು. ಆಮೇಲೆ ನನಗೆ ಒಂದೊಂದೇ ಪ್ರಶ್ನೆ. ಎಷ್ಟು ತಿಂಗಳು ಕೂತಿದ್ದಿರಿ, ಎಷ್ಟು ಹೊತ್ತು, ಬಾಯಿಗೆ ಹಾಕಿಕೊಂಡಿದ್ದುಂಟಾ.

“ಹಲ್ಲಲ್ಲಿ ಕಚ್ಚಿದ್ದೇನೆ.”

“ಮಣ್ಣು, ಸುಣ್ಣ, ಬೂದಿ ಏನಾದ್ರೂ ತಿನ್ನುವ ಅಭ್ಯಾಸ ಇತ್ತಾ? ತುಂಬ ಜನಕ್ಕೆ ಇರ್ತದೆ.”

ಮಾವ ಪಕ್ಕದಲ್ಲೇ ಇದ್ದರು. “ಇಲ್ಲ” ಎಂದೆ.

ಮೂವರ ರಕ್ತ ತೆಗೆದರು. ಈ ಪರೀಕ್ಷೆ ಇಲ್ಲಿ ಆಗುವುದಿಲ್ಲ, ಮಂಗಳೂರಿಗೆ ಕಳಿಸಬೇಕು, ಹತ್ತು ಹನ್ನೆರಡು ದಿನ ಆಗಬಹುದು ಎಂದರು. ಹೊರಗೆ ಬಂದು ರಿಕ್ಷಾ ಹತ್ತಲು ಕಾಲಿಟ್ಟವಳು ಇಳಿದೆ. “ಚೀಟಿ ಒಳಗೇ ಬಿಟ್ಟೆ ಮಾವ, ಬಂದೆ” ಎಂದು ಓಡಿದೆ. ಡಾಕ್ಟ್ರಮ್ಮ ಬೇರೆಯವರನ್ನು ನೋಡುತ್ತಿದ್ದರು. ನಾನು ಬಾಗಿಲಲ್ಲೇ ನಿಂತು, “ಮೇಡಂ, ತಿಂದಿದ್ದೆ. ಮಣ್ಣು. ಸೀಸ ಹೊಯ್ದ ಅಚ್ಚಿನ ಮಣ್ಣು. ತುಂಬ ದಿನ” ಎಂದೆ. ಒಳಗಿದ್ದ ರೋಗಿ ನನ್ನ ಕಡೆ ತಿರುಗಿ ನೋಡಿದ. ಡಾಕ್ಟ್ರಮ್ಮ ಪೆನ್ನು ಕೆಳಗಿಟ್ಟರು.

“ಈಗಲೂ ತಿಂತೀರಾ?”

“ಇಲ್ಲ. ಈ ಸಲ ಬಯಕೆ ಇನ್ನೂ ಬಂದಿಲ್ಲ.”

“ಬಂದ್ರೆ ನನಗೆ ಫೋನ್ ಮಾಡಿ. ಮೊದಲು ನನಗೆ ಮಾಡಿ, ಆಮೇಲೆ ಬಾಯಿಗೆ ಹಾಕೋದೋ ಬೇಡವೋ ನೋಡುವ” ಎಂದರು. ಅವರ ಮುಖದಲ್ಲಿ ಅಸಹ್ಯ ಇರಲಿಲ್ಲ. ನಾನು ಅದನ್ನೇ ಹುಡುಕುತ್ತಿದ್ದೆ.

ಆ ದಿನ ಡಾಕ್ಟ್ರಮ್ಮ ಹೇಳಿದ ಒಂದು ಮಾತು ನನ್ನನ್ನು ಹಿಂಡಿಹಾಕಿತು. ಒಳಗೆ ಹೋದ ಸೀಸ ಮೂಳೆಯಲ್ಲಿ ವರ್ಷಗಟ್ಟಲೆ ಕೂತಿರುತ್ತದಂತೆ. ಬಸುರಾದಾಗ ಮಗುವಿನ ಮೂಳೆಗೆಂದು ತಾಯಿಯ ಮೂಳೆ ಕ್ಯಾಲ್ಸಿಯಂ ಬಿಟ್ಟುಕೊಡುತ್ತದೆ, ಅದರ ಜೊತೆಗೆ ಇದೂ ಹೊರಗೆ ಬರುತ್ತದಂತೆ. ಅಂದರೆ ನಾನು ಇವತ್ತೇ ಎಲ್ಲ ಬಿಟ್ಟರೂ, ಅವತ್ತು ತಿಂದದ್ದು ಈಗಿನ ಮಗುವಿಗೆ ಹೋಗಬಹುದು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ತಪ್ಪಿಸಬೇಡಿ, ರಾಗಿ, ಹಾಲು, ಮುಳ್ಳಿನ ಸಮೇತ ತಿನ್ನುವ ಸಣ್ಣ ಮೀನು ತಿನ್ನಿ, ಆಗ ಮೂಳೆಯಿಂದ ಕಡಿಮೆ ಬರುತ್ತದೆ ಎಂದಿದ್ದರು. ಈಗ ಅಂಗನವಾಡಿಯಲ್ಲಿ ಅದೇ ಮಾತ್ರೆಗಳನ್ನು ಬೇರೆಯವರಿಗೆ ನುಂಗಿಸುವ ನಾನು, ಮೊದಲನೇ ಬಸುರಿನಲ್ಲಿ ಅದರ ವಾಸನೆ ಸೇರುವುದಿಲ್ಲ ಎಂದು ಬಾವಿಯ ಹಿಂದೆ ಎಸೆದಿದ್ದೆ.

ಚಪ್ಪರ ತೆಗೆಯುವಾಗ ಧೂಳು ಏಳುತ್ತದೆ, ನೀನು ಮಗು ಇರಬೇಡಿ ಎಂದು ಮಾವ ನಮ್ಮನ್ನು ಅಘನಾಶಿನಿಗೆ ಕಳಿಸಿದರು. ಗಂಡನಿಗೆ ಫೋನಿನಲ್ಲಿ ಹೇಳಿದೆ. ಬೋಟಿನ ಇಂಜಿನ್ ಸದ್ದಿನಲ್ಲಿ ಅವರಿಗೆ ಅರ್ಧ ಕೇಳಿತೋ ಇಲ್ಲವೋ. “ಮಗು ಹುಷಾರದೆ ಅಲ್ದ? ಜ್ವರ ಇಲ್ಲ ಅಲ್ದ?” ಎಂದು ಎರಡೆರಡು ಸಲ ಕೇಳಿದರು. ಜ್ವರ ಇಲ್ಲ ಎಂದೆ. ಜ್ವರವಾಗಿದ್ದರೆ ಹಣೆ ಮುಟ್ಟಿ ನೋಡಬಹುದಿತ್ತು.

ಅಘನಾಶಿನಿಯ ಹನ್ನೊಂದು ದಿನ ನಾನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೇ ಕಳೆದೆ. ಇಳಿತದ ಹೊತ್ತಿಗೆ ಆಯಿ ಬುಟ್ಟಿ ತೆಗೆದುಕೊಂಡು ಕೆಸರಲ್ಲಿ ಹುದುಗಿರುವ ಬಳಚು ಚಿಪ್ಪು ಹೆಕ್ಕಲು ಹೊಳೆಗೆ ಹೋಗುತ್ತಿದ್ದಳು. ದೂರದಿಂದ ನೋಡಿದರೆ ಸೊಂಟದವರೆಗೆ ನೀರಿನಲ್ಲಿ ಬಗ್ಗಿದ ಹೆಂಗಸರ ಸಾಲು. ನಾನು ಹುಟ್ಟುವ ವಾರದವರೆಗೂ ಆಯಿ ಹೀಗೇ ನೀರಿನಲ್ಲಿದ್ದವಳು. ಬಳಚು ಬೇಯಿಸಿ ತಂದಿಟ್ಟರೆ ನಾನು ತಟ್ಟೆ ಸರಿಸಿದೆ. ಹೊಳೆಯ ತಳದ ಕೆಸರಲ್ಲಿ ಎಂತೆಂತದೋ ಇರಬಹುದು ಎನ್ನುವ ಯೋಚನೆ. ಆಯಿಯ ಮುಖ ಬಿದ್ದುಹೋಯಿತು.

“ನಿನ್ನ ಇದ್ರಲ್ಲೇ ಸಾಕಿದ್ದು ಮಾರಾಯ್ತಿ” ಎಂದಳು.

ಆಗ ನನಗೆ ಎಲ್ಲದರ ಮೇಲೂ ಅನುಮಾನ. ಬಾವಿಯ ನೀರು, ಅರಿಶಿನದ ಪುಡಿ, ಗೋಡೆಯ ಬಣ್ಣ, ಮಗಳ ಕಾಲಿನ ಗೆಜ್ಜೆ. ರಾತ್ರಿ ಹಗಲು ಅವಳ ಕೈ ತೊಳೆದು ತೊಳೆದು ಬೆರಳ ಸಂದಿ ಬಿರಿದಿತ್ತು.

ಹನ್ನೆರಡನೆಯ ದಿನ ಮಾವ ಕುಮಟಾದಿಂದ ಬಸ್ಸು ಹಿಡಿದು ನಮ್ಮನ್ನು ಕರೆದುಕೊಂಡು ಹೋಗಲು ಬಂದರು. ಆಯಿ ಹೊಳೆಯಲ್ಲಿದ್ದಳು. ಮಾವ ಜಗಲಿಯಲ್ಲಿ ಕೂತು ನೀರು ಕುಡಿದರು. ಚಪ್ಪರ ಬಿಚ್ಚಿ ಆಯಿತು, ಮೇಲಿನ ಒಂದು ಮೊಳ ಮಣ್ಣು ನೀರು ಹಾಕಿ ನೆನೆಸಿ ತೆಗೆಸಿದೆ, ಗೋಣಿಚೀಲದಲ್ಲಿ ಕಟ್ಟಿ ತಾಡಪಾಲು ಮುಚ್ಚಿದ್ದೇನೆ, ಎಲ್ಲಿ ಹಾಕುವುದೆಂದು ತಿಳಿಯಲಿಲ್ಲ ಎಂದರು. “ಹೊಳೆಗೆ ಹಾಕು ಅಂದರು ಕೆಲವರು. ಹೊಳೆಗೆ ಹಾಕಿದ್ರೆ ನಿನ್ನ ಆಯಿ ಹೆಕ್ಕೋದು ಅದನ್ನೇ ಅಲ್ದ?” ನೆಲಕ್ಕೆ ಹೊಸ ಮಣ್ಣು ತುಂಬಿ ಸಿಮೆಂಟು ಬಳಿಸಿದ್ದರು.

ಲೋಟ ಕೆಳಗಿಟ್ಟು, ನನ್ನ ಕಡೆ ನೋಡದೆ, “ನೀನು ಅಚ್ಚಿನ ಚೂರು ತಿಂತಿದ್ದೆ ಅಲ್ದ ತಂಗೀ?” ಎಂದರು.

ನಾನು ಅವರ ಮುಂದಿದ್ದ ಖಾಲಿ ಲೋಟ ಎತ್ತಿಕೊಂಡೆ.

“ನನಗೆ ಗೊತ್ತಿತ್ತು. ಒಡೆದ ಚೂರು ಕಡಿಮೆ ಆಗ್ತಿತ್ತು. ನಿನ್ನ ಅತ್ತೆಯೂ ಬಸುರಿದ್ದಾಗ ತಿಂತಿದ್ಲು. ಹೇಳಿದ್ರೆ ನಿನಗೆ ನಾಚಿಕೆ ಆತದೆ ಅಂತ ಸುಮ್ಮನಿದ್ದೆ.” ಅವರು ಹೆಗಲ ಪಂಚೆ ತೆಗೆದು ಮಡಿಲಲ್ಲಿಟ್ಟುಕೊಂಡರು. “ಸುಮ್ಮನಿದ್ದದ್ದು ಅಷ್ಟೇ ಅಲ್ಲ. ಚೆನ್ನಾಗಿ ಬೆಂದ ಚೂರು ಆರಿಸಿ ನಾನೇ ಬಾವಿಯ ಬದಿಯ ಕಲ್ಲಿನ ಮೇಲೆ ಇಡ್ತಿದ್ದೆ. ಹಸಿಯದ್ದು ತಿಂದ್ರೆ ಹೊಟ್ಟೆ ನೋಯ್ತದೆ ಅಂತ.”

ಹೌದು. ಆ ಕಲ್ಲಿನ ಮೇಲೆ ಯಾವಾಗಲೂ ನಾಲ್ಕೈದು ಕೆಂಪು ಚೂರು ಇರುತ್ತಿದ್ದವು. ನಾನು ಅದನ್ನು ನನ್ನ ಅದೃಷ್ಟ ಅಂದುಕೊಂಡಿದ್ದೆ.

ನನಗೆ ಸಿಟ್ಟು ಬಂತು ಎಂದರೆ ಸುಳ್ಳಾಗುತ್ತದೆ, ಬರಲಿಲ್ಲ ಎಂದರೂ ಸುಳ್ಳು. ಆ ಮುದುಕ ಬಾಗಿ ಕೂತು ತನ್ನ ಬಿದ್ದ ಕೈಯನ್ನು ಇನ್ನೊಂದು ಕೈಯಿಂದ ತಿಕ್ಕುತ್ತಿದ್ದರು. ಗಂಡ ಮನೆಯಲ್ಲಿಲ್ಲದ ಆ ದಿನಗಳಲ್ಲಿ ನನ್ನ ಬಯಕೆಯನ್ನು ಗಮನಿಸಿದವರು ಪ್ರಪಂಚದಲ್ಲಿ ಅವರೊಬ್ಬರೇ. ಗಮನಿಸಿ, ತಮಗೆ ತಿಳಿದ ಹಾಗೆ ಕಾಳಜಿ ಮಾಡಿದ್ದರು. “ನಿಮಗೆ ಗೊತ್ತಿರಲಿಲ್ಲ ಮಾವ” ಎಂದೆ. ಅಷ್ಟರಲ್ಲಿ ಮಗಳು ಬಂದು ಅವರ ಮೊಣಕಾಲು ಹತ್ತಿ ಕೂತಳು. ಅವರು ಅವಳನ್ನು ಮುಟ್ಟಲು ಹಿಂಜರಿದದ್ದು ನನಗೆ ಕಂಡಿತು.

ಫಲಿತಾಂಶ ಬಂದಾಗ ಡಾಕ್ಟ್ರಮ್ಮ ಮೂರು ಕಾಗದವನ್ನೂ ಮೇಜಿನ ಮೇಲೆ ಹರಡಿದರು. ಮೂವರಲ್ಲೂ ಸೀಸ ಇತ್ತು. ಮಾವನದು ಬಹಳ ಹೆಚ್ಚು. ಅವರನ್ನು ಮಂಗಳೂರಿಗೆ ಕಳಿಸಿ ಔಷಧ ಕೊಡಿಸಬೇಕಾಯಿತು. ಮಗಳದ್ದು ಇರಬಾರದಷ್ಟು ಇತ್ತು, ಆದರೆ ಔಷಧ ಕೊಡುವಷ್ಟಲ್ಲ. ನನ್ನದು ಅವಳದಕ್ಕಿಂತ ಸ್ವಲ್ಪ ಕಡಿಮೆ. ಮನೆಯಿಂದ ಸೀಸ ದೂರವಾದರೆ ರಕ್ತದಲ್ಲಿ ಇಳಿಯುತ್ತದೆ, ಮೂರು ತಿಂಗಳಿಗೊಮ್ಮೆ ನೋಡುವ ಎಂದರು.

“ಇವಳ ಮಾತು ಬರದೇ ಇರೋದು ಇದರಿಂದಲಾ ಮೇಡಂ?”

“ಹೌದು ಅನ್ನಲಿಕ್ಕೆ ಬರೋದಿಲ್ಲ. ಅಲ್ಲ ಅನ್ನಲಿಕ್ಕೂ ಬರೋದಿಲ್ಲ. ಸೀಸ ಮುಟ್ಟದ ಮಕ್ಕಳೂ ತಡವಾಗಿ ಮಾತಾಡ್ತಾರೆ. ಮುಟ್ಟಿದವರಲ್ಲಿ ಎಷ್ಟೋ ಮಕ್ಕಳು ಬೇಗ ಮಾತಾಡ್ತಾರೆ.”

“ನಾನು ಆ ಮಣ್ಣು ತಿನ್ನದೇ ಇದ್ದಿದ್ರೆ?”

“ಆ ಇನ್ನೊಂದು ಮಗಳನ್ನ ನಾವು ಯಾರೂ ನೋಡಿಲ್ಲ” ಎಂದರು. “ಇವಳನ್ನ ನೋಡುವ.”

ನಾನು ಉತ್ತರಕ್ಕಾಗಿ ಹನ್ನೆರಡು ದಿನ ಕಾದಿದ್ದೆ. ಸಿಕ್ಕಿದ್ದು ಇಷ್ಟು. ಕಿವಿ ಪರೀಕ್ಷೆ ಮಾಡಿಸಿದೆವು, ಕಿವಿ ಸರಿ ಇತ್ತು. ವಾರಕ್ಕೊಮ್ಮೆ ಕುಮಟಾಕ್ಕೆ, ಮಾತು ಕಲಿಸುವ ಒಬ್ಬ ಮೇಡಂ ಹತ್ತಿರ ಹೋಗತೊಡಗಿದೆವು. ಬೆಳೆಯುತ್ತಿದ್ದ ಹೊಟ್ಟೆ ಹೊತ್ತು ಬಸ್ಸಿನಲ್ಲಿ ಓಲಾಡುತ್ತಾ ನಾನು, ಪಕ್ಕದಲ್ಲಿ ಮಗಳು. ದಾರಿಯಲ್ಲಿ ಕಂಡದ್ದನ್ನೆಲ್ಲ ಹೆಸರಿಟ್ಟು ಹೇಳಬೇಕು ಎಂದಿದ್ದರು ಮೇಡಂ. ದನ, ಲಾರಿ, ಹೊಳೆ, ರೈಲು. ಪಕ್ಕದವರು ನಗುತ್ತಿದ್ದರು. ನಾನು ನಿಲ್ಲಿಸುತ್ತಿರಲಿಲ್ಲ.

ಆ ತಿಂಗಳೇ ನಾನು ಅಂಗನವಾಡಿಯಲ್ಲಿ ಮಗಳ ಕಾರ್ಡು ತೆಗೆದು ಸುಳ್ಳು ಗುರುತನ್ನು ಹೊಡೆದುಹಾಕಿ, ‘ಇಲ್ಲ’ ಎಂದು ಬರೆದು, ಪಕ್ಕದಲ್ಲಿ ಸಹಿ ಮಾಡಿದೆ. ಅದಕ್ಕಿಂತ ಕಷ್ಟದ್ದು ಉಳಿದಿತ್ತು. ನನ್ನ ಪುಸ್ತಕದಲ್ಲಿ ಆಗ ಆರು ಜನ ಬಸುರಿಯರ ಹೆಸರಿತ್ತು. ಅವರಲ್ಲಿ ಇಬ್ಬರ ಮನೆಯಲ್ಲಿ ಸೀಸ ಕರಗಿಸುತ್ತಿದ್ದರು. ಒಬ್ಬಳ ಮನೆಗೆ ಹೋಗಿ ಹೇಳಿದಾಗ ಅವಳ ಅತ್ತೆ ಸೂಡಿ ಕಟ್ಟುತ್ತಿದ್ದ ಒಣಮೀನನ್ನು ಕೆಳಗೆ ಬಿಟ್ಟು, “ನಿನ್ನ ಮಗು ಮಾತಾಡೋದಿಲ್ಲ ಅಂತ ನಮ್ಮ ಮನೆ ಮಗುವಿಗೂ ಕೆಟ್ಟದ್ದು ಹೇಳಲಿಕ್ಕೆ ಬಂದ್ಯಾ?” ಎಂದಳು. ಇಡೀ ಕೇರಿಗೆ ಕೇಳಿಸುವ ಹಾಗೆ. ನಾನು ಮೆಟ್ಟಿಲಿಳಿದು ಬಂದು, ಮನೆ ತಲುಪುವವರೆಗೆ ಅಳು ತಡೆದುಕೊಂಡೆ.

ವಿಷಯ ಮಾವನ ಕಿವಿಗೂ ಬಿತ್ತು. ಸಂಜೆ ಕೋಲು ಹಿಡಿದುಕೊಂಡು ಅದೇ ಮನೆಗೆ ಹೋದರು. ಆ ಮನೆಯ ಗಂಡಸಿಗೆ ಮಣಿ ಹೊಯ್ಯುವುದನ್ನು ಕಲಿಸಿದವರು ಅವರೇ. ಅಲ್ಲಿ ಅವರು ಮಾತು ಹೆಚ್ಚು ಆಡಲಿಲ್ಲವಂತೆ. ಬಲಗೈ ಚಾಚಿ, “ಇದನ್ನ ಎತ್ತು ಅಂದ್ರೆ ಏಳೋದಿಲ್ಲ, ನೋಡು” ಎಂದರಂತೆ. “ಹೆಂಗಸರು ಮಕ್ಕಳು ಇರುವಲ್ಲಿ ಬೇಡ. ಹಲ್ಲಲ್ಲಿ ಕಚ್ಚಬೇಡ, ಇಕ್ಕಳ ತಕೋ.” ಆ ಮನೆಯವರು ಬಾಂಡಲಿಯನ್ನು ದೂರದ ಗಾಳಿಮರದ ತೋಪಿನ ಕಡೆಗೆ ಒಯ್ದರು. ಇನ್ನೊಂದು ಮನೆಯವರು ಇವತ್ತಿಗೂ ಕೇಳಿಲ್ಲ. ನಮ್ಮ ಹಿತ್ತಲಿನ ಗೋಣಿಚೀಲಗಳ ಬಗ್ಗೆ ನಾನು ಪಂಚಾಯತಿಗೆ ಬರೆದ ಅರ್ಜಿ ಎರಡು ಮೇಜು ದಾಟಿತು ಎಂದು ಕೇಳಿದ್ದೇನೆ. ಚೀಲ ಅಲ್ಲೇ ಇದೆ.

ಗಂಡು ಮಗು ಹುಟ್ಟಿತು. ತೂಕ ಸರಿ ಇತ್ತು. ಬಯಕೆ ಆ ಸಲವೂ ಬಂದಿತ್ತು, ಆರನೇ ತಿಂಗಳಿಗೆ, ಮೊದಲ ಮಳೆ ಬಿದ್ದ ದಿನ. ಡಾಕ್ಟ್ರಮ್ಮನಿಗೆ ಫೋನು ಮಾಡಿದೆ. ಅವರು ನನ್ನ ರಕ್ತ ಮತ್ತೆ ನೋಡಿ, ಕಬ್ಬಿಣಾಂಶ ಕಡಿಮೆಯಾದಾಗ ಹೀಗಾಗುತ್ತದೆ ಎಂದು ಮಾತ್ರೆ ಹೆಚ್ಚಿಸಿದರು. ಬಾಯಲ್ಲಿ ಹುರಿಗಡಲೆ ತುಂಬಿಕೊಂಡು ಆ ತಿಂಗಳು ದಾಟಿದೆ. ಹೆರಿಗೆಯಾದ ಮೇಲೆ ಎದೆಹಾಲು ಕೊಡಲು ಹೆದರಿದೆ. ನಿಮ್ಮ ರಕ್ತದ ಸೀಸ ಸಾಕಷ್ಟು ಇಳಿದಿದೆ, ಧಾರಾಳವಾಗಿ ಕೊಡಿ ಎಂದರು ಡಾಕ್ಟ್ರಮ್ಮ. ಕೊಟ್ಟೆ. ಪ್ರತಿ ಸಲ ಕೊಡುವಾಗಲೂ ಅವನ ಗಂಟಲು ಏರಿಳಿಯುವುದನ್ನೇ ನೋಡುತ್ತಿದ್ದೆ.

ಮಗಳಿಗೆ ಮೂರು ವರ್ಷ ಮೇಲೆ ಕೆಲವು ತಿಂಗಳಾಗಿತ್ತು. ಒಂದು ಬೆಳಿಗ್ಗೆ ನಾನು ತಾರ್ಲೆ ಮೀನು ಹೆಚ್ಚುತ್ತಾ ಕೂತಿದ್ದೆ, ಮಾವ ಅಂಗಳದಲ್ಲಿ ಒಂದು ಕೈಯಲ್ಲಿ ಹರಿದ ಬಲೆ ಹಿಡಿದುಕೊಂಡಿದ್ದರು. ಮಗಳು ತೊಟ್ಟಿಲಿನ ಹತ್ತಿರದಿಂದ ಬಂದು, “ಅಜ್ಜ, ಪಾಪು ಅಳ್ತು” ಎಂದಳು.

ಮಾವ ಕೇಳಿಸದವರ ಹಾಗೆ ಕೂತಿದ್ದರು. ಅವಳು ಇನ್ನೊಮ್ಮೆ, ಸ್ವಲ್ಪ ಸಿಟ್ಟಿನಿಂದ ಹೇಳಿದಳು. “ಅಜ್ಜ! ಪಾಪು ಅಳ್ತು!”

“ಆತು ಮಗಾ, ಆತು, ಬಂದೆ” ಎಂದು ಅವರು ಏಳಲು ಹೋಗಿ, ಕಾಲು ಬಲೆಯಲ್ಲಿ ಸಿಕ್ಕಿ ಮತ್ತೆ ಕೂತರು. ನಾನು ಮೀನಿನ ಕೈಯಲ್ಲೇ ಓಡಿದೆ. ಪಾಪುವಿನ ಹತ್ತಿರ ಅಲ್ಲ, ಅವಳ ಹತ್ತಿರ.

ಈಗ ಅವಳಿಗೆ ಆರು ವರ್ಷ, ಒಂದನೇ ತರಗತಿ. ಮಾತು ಬಂದಿದೆ, ಬಂದ ಮೇಲೆ ನಿಲ್ಲುವುದಿಲ್ಲ. ರಕ್ತದ ಸೀಸ ಇಳಿದಿದೆ. ಆದರೆ ಒಂದು ಕಡೆ ಕೂರುವುದಿಲ್ಲ, ಲೆಕ್ಕದಲ್ಲಿ ಹತ್ತು ದಾಟಿದರೆ ತಡವರಿಸುತ್ತಾಳೆ, ಹೇಳಿದ ಮೂರು ಕೆಲಸದಲ್ಲಿ ಒಂದನ್ನು ಮರೆಯುತ್ತಾಳೆ. ಶಾಲೆಯ ಅಕ್ಕೋರು, “ಎಲ್ಲ ಮಕ್ಕಳೂ ಹೀಗೇ, ನೀವು ಯೋಚನೆ ಮಾಡ್ಬೇಡಿ” ಎನ್ನುತ್ತಾರೆ. ಎಲ್ಲ ಮಕ್ಕಳ ಹಾಗೆ ಮರೆಯುತ್ತಾಳೋ, ಆ ಮಣ್ಣಿನಿಂದ ಮರೆಯುತ್ತಾಳೋ ನನಗೆ ತಿಳಿಯುವ ದಾರಿ ಇಲ್ಲ. ತಮ್ಮ ಎರಡು ವರ್ಷಕ್ಕೇ ವಾಕ್ಯ ಕಟ್ಟಿದ. ಆಗ ಖುಷಿಯಾಗಬೇಕಿತ್ತು. ಆಯಿತು, ಆದರೆ ಅವನು ಮಾತಾಡಿದಾಗಲೆಲ್ಲ ನಾನು ಅವಳ ಕಡೆ ತಿರುಗುತ್ತಿದ್ದೆ.

ಕಳೆದ ವಾರ ಅವಳು ಜಗಲಿಯಲ್ಲಿ ಕೂತು ಕೂಡಿಸುವ ಲೆಕ್ಕ ಮಾಡುತ್ತಿದ್ದಳು. ನಾನು ಬಟ್ಟೆ ಮಡಚುತ್ತಿದ್ದೆ. ಏಳು ಮತ್ತು ಐದು. ಬೆರಳು ಎಣಿಸಿದಳು, ತಪ್ಪಿತು, ಮತ್ತೆ ಮೊದಲಿಂದ ಎಣಿಸಿದಳು. ಅರ್ಧದಲ್ಲಿ ತಲೆ ಎತ್ತಿ ನನ್ನನ್ನು ನೋಡಿದಳು.

“ಆಯಿ, ನೀನು ಎಂತಕ್ಕೆ ಯಾವಾಗಲೂ ನನ್ನನ್ನೇ ಹಂಗೆ ನೋಡ್ತೆ?”

“ಹೆಂಗೆ?”

“ನಾನು ಬೀಳ್ತೆ ಅಂತ ನೋಡಿದ ಹಂಗೆ.”

“ಇಲ್ಲ, ಚೆಂದ ಅದೀ ಅಂತ ನೋಡಿದೆ” ಎಂದೆ.

“ಹಂಗೆ ನೋಡಬೇಡ, ಎಣಿಸಿದ್ದು ತಪ್ಪಿ ಹೋತದೆ” ಎಂದು ಅವಳು ಪುಸ್ತಕ ಎತ್ತಿಕೊಂಡು ನನಗೆ ಬೆನ್ನು ಹಾಕಿ ಕೂತಳು. ನಾನು ಬಟ್ಟೆಯ ರಾಶಿ ತೆಗೆದುಕೊಂಡು ಎದ್ದು ಒಳಗೆ ಹೋದೆ. ಬಾಗಿಲ ಹಿಂದೆ ನಿಂತು, ನೋಡದೆ, ಕೇಳಿಸಿಕೊಂಡೆ. ಒಂದು, ಎರಡು, ಮೂರು. ಒಂಬತ್ತರ ಹತ್ತಿರ ದನಿ ನಿಂತಿತು. ಮತ್ತೆ ಶುರುವಾಯಿತು.